ಅಮ್ಮನ ಜೀವನಾಂಶದ ಅರ್ಜಿ, ಅದರಲ್ಲಿ ನಾನು

ಇಂಥ ಅರ್ಜಿಗಳ ವಿಚಾರಣೆ ನಡೆಸುವ ಎಸಿ (ಉಪವಿಭಾಗಾಧಿಕಾರಿ) ಕಚೇರಿಯಿಂದ ಆದೇಶದ ಪ್ರತಿ ಕೈಗೆ ಬಂದಿದೆ. ಎಲ್ಲ ನೆನಪಿರುವಾಗಲೇ ಬರೆದುಬಿಡೋಣ ಅಂತ ಕೂತಿದ್ದೇನೆ. ಹೆತ್ತ ತಾಯಿ ಜೀವನಾಂಶಕ್ಕೆ ಅರ್ಜಿ ಹಾಕಿದಾಗ ಮಕ್ಕಳು ಏನು ಮಾಡಬೇಕು ಅಂತ ನಾನು ಹುಡುಕಿದಾಗ ಸಿಕ್ಕಿದ್ದೆಲ್ಲ ಒಂದೇ ಕಥೆ. ಕಲ್ಲು ಮನಸ್ಸಿನ ಮಕ್ಕಳು, ಕಣ್ಣೀರು ಹಾಕುವ ತಾಯಿ. ಎಷ್ಟೋ ಮನೆಗಳಲ್ಲಿ ಅದು ನಿಜ. ಅದಕ್ಕೇ ಈ ಕಾನೂನು ಬಂದಿರುವುದು. ಆದರೆ ಅದೇ ತಾಯಿಯ ಕೈಯಲ್ಲಿ ಬಾಸುಂಡೆ ಏಳುವ ಹಾಗೆ ಹೊಡೆತ ತಿಂದು ಬೆಳೆದವರ ಬಾಗಿಲಿಗೆ ನೋಟಿಸ್ ಬಂದರೆ ಏನಾಗುತ್ತದೆ ಅಂತ ಯಾರೂ ಬರೆದಿರಲಿಲ್ಲ. ನಾನು ಬರೆಯುತ್ತೇನೆ.

ನೋಟಿಸ್ ಆಫೀಸಿನ ವಿಳಾಸಕ್ಕೆ ಬಂತು. ನಾನು ಬೆಂಗಳೂರಿನಲ್ಲಿದ್ದೇನೆ, ಅಮ್ಮ ಮಲೆನಾಡಿನ ನಮ್ಮೂರಿನಲ್ಲಿದ್ದಾಳೆ. ಮನೆ ವಿಳಾಸ ಅವಳಿಗೆ ಗೊತ್ತಿರಲಿಲ್ಲ, ನಾನೇ ಹೇಳಿರಲಿಲ್ಲ. ಮಾತು ಬಿಟ್ಟು ಬಹಳ ವರ್ಷ ಆಗಿತ್ತು. ಸ್ಪೀಡ್ ಪೋಸ್ಟ್ ಲಕೋಟೆಯಲ್ಲಿ ಇದ್ದದ್ದು ಒಂದೇ ಹಾಳೆ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯಡಿ ಅರ್ಜಿ ಬಂದಿದೆ, ಇಂಥ ತಾರೀಖು ಬೆಳಿಗ್ಗೆ 11 ಗಂಟೆಗೆ ಹಾಜರಾಗಿ, ತಪ್ಪಿದರೆ ಏಕಪಕ್ಷೀಯವಾಗಿ ತೀರ್ಮಾನಿಸಲಾಗುವುದು. ಅಷ್ಟೇ. ಅರ್ಜಿಯಲ್ಲಿ ಏನಿದೆ ಅನ್ನುವುದು ಇಲ್ಲ.

ಇಂಥ ನೋಟಿಸ್ ಬಂದರೆ ಮೊದಲು ಅರ್ಜಿಯ ನಕಲು ಕೇಳಿ ಪಡೆಯಿರಿ. ಅದನ್ನು ಓದದೆ ಉತ್ತರ ಬರೆಯಲು ಆಗುವುದಿಲ್ಲ. ನಾನು ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ. ರಜೆ ಹಾಕಿ ರಾತ್ರಿ ಬಸ್ಸಿಗೆ ಹೋದೆ. ಸಾಹೇಬ್ರು ಮೀಟಿಂಗಿಗೆ ಹೋಗಿದ್ದರು, ಕೇಸ್ ವರ್ಕರ್ ಊಟಕ್ಕೆ. ಮಧ್ಯಾಹ್ನ ಮೂರರ ಮೇಲೆ ಕಡತ ಹುಡುಕಿ ತೆಗೆದು, 'ಹೊರಗಡೆ ಜೆರಾಕ್ಸ್ ಮಾಡಿಸ್ಕೊಂಡು ಬನ್ನಿ ಮೇಡಂ' ಅಂತ ಕೊಟ್ಟರು. ಜೆರಾಕ್ಸ್ ಅಂಗಡಿಯ ಹುಡುಗ ಹಾಳೆ ತಿರುವಿ ಹಾಕುತ್ತಾ ಒಮ್ಮೆ ಅರ್ಜಿ ನೋಡಿದ, ಒಮ್ಮೆ ನನ್ನ ಮುಖ ನೋಡಿದ.

ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ಓದಿದೆ. ಟೈಪ್ ಮಾಡಿಸಿದ ನಾಲ್ಕು ಪುಟ. ಭಾಷೆ ಯಾರೋ ಬರಹಗಾರರದ್ದು, ಆದರೆ ಒಳಗಿನ ಮಾತೆಲ್ಲ ಅಮ್ಮನದ್ದೇ. 'ಎದುರುದಾರಳು ಚಿಕ್ಕಂದಿನಿಂದಲೂ ಹಠಮಾರಿಯಾಗಿದ್ದು, ಅರ್ಜಿದಾರಳಿಗೆ ಬೇಕೆಂತಲೇ ಮಾನಸಿಕ ಹಿಂಸೆ ಕೊಡುತ್ತಾ ಬಂದಿರುತ್ತಾಳೆ.' ಅದರ ಕೆಳಗೆ ಉದಾಹರಣೆಗಳು. ಒಂಬತ್ತು ವರ್ಷದವಳಿದ್ದಾಗ ನೆಂಟರ ಮುಂದೆ ಬೇಕಂತಲೇ ಹಾಲು ಚೆಲ್ಲಿ ತಾಯಿಯ ಮಾನ ಕಳೆದಳು. ತಾಯಿಗೆ ಜ್ವರ ಬಂದಾಗ ತಲೆ ಒತ್ತು ಅಂದರೆ ನಿದ್ದೆ ಹೋದಳು. ಪರೀಕ್ಷೆಯಲ್ಲಿ ಕಡಿಮೆ ಅಂಕ ತೆಗೆದು ತಾಯಿ ತಲೆ ತಗ್ಗಿಸುವ ಹಾಗೆ ಮಾಡಿದಳು. ಒಂಬತ್ತು ವರ್ಷದ ಹುಡುಗಿ ಒಬ್ಬ ಹೆಂಗಸಿನ ಬಾಳು ಹಾಳು ಮಾಡಲು ಸಂಚು ಹೂಡಿದ ಹಾಗೆ ಇತ್ತು ಆ ನಾಲ್ಕು ಪುಟ.

ನಾನು ಏನು ಅಂದುಕೊಂಡಿದ್ದೆ ಗೊತ್ತಾ? ಅಮ್ಮ ಸುಳ್ಳು ಹೇಳುತ್ತಾಳೆ, ಹೊಡೆದದ್ದನ್ನು ಮುಚ್ಚಿಡುತ್ತಾಳೆ ಅಂತ. ಅವಳು ಏನೂ ಮುಚ್ಚಿಟ್ಟಿರಲಿಲ್ಲ. 'ತಿದ್ದುವ ಸಲುವಾಗಿ ಆಗಾಗ ಎರಡೇಟು ಕೊಟ್ಟಿದ್ದು ನಿಜ' ಅಂತ ತಾನೇ ಬರೆಸಿದ್ದಳು. ಹಾಲು ಚೆಲ್ಲಿದ ದಿನದ 'ಎರಡೇಟು' ಅಂದರೆ ಹಿತ್ತಲಿನ ಲಕ್ಕಿ ಬರಲು ಮುರಿಯುವ ತನಕ. ಅದಾದ ಮೇಲೆ ರಾತ್ರಿ ಊಟ ಇಲ್ಲದೆ ಕೊಟ್ಟಿಗೆಯಲ್ಲಿ. ಅವಳ ಲೆಕ್ಕದಲ್ಲಿ ಅದೂ ನಾನು ಕೊಟ್ಟ ಕಾಟವೇ.

ಅವತ್ತು ಬಸ್ಸಿನಲ್ಲಿ ಪೂರ್ತಿ ದಾರಿ ಅತ್ತೆ. ಮರುದಿನ ಕೈ ನಡುಗುವುದು ನಿಲ್ಲಲಿಲ್ಲ. ನಿಮಗೂ ಹೀಗಾದರೆ ವಿಚಾರಣೆ ಮುಗಿಯಲಿ, ಆಮೇಲೆ ನೋಡೋಣ ಅಂತ ಕಾಯಬೇಡಿ. ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, 14416. 2022ರಲ್ಲಿ ಶುರುವಾಯಿತು, ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಾನು ಮೊದಲು ಅಲ್ಲಿಗೆ ಫೋನ್ ಮಾಡಿದೆ. ಆಮೇಲೆ ಒಬ್ಬ ಆಪ್ತಸಮಾಲೋಚಕಿಯ ಹತ್ತಿರ ಹೋಗಲು ಶುರು ಮಾಡಿದೆ. ಒಂದು ಸಲಕ್ಕೆ 1,200 ರೂಪಾಯಿ. ಈ ಇಡೀ ಪ್ರಕರಣದಲ್ಲಿ ನನಗೆ ಜಾಸ್ತಿ ಖರ್ಚಾಗಿದ್ದು ಅಲ್ಲೇ, ಆ ಖರ್ಚಿನ ಬಗ್ಗೆ ಬೇಜಾರಿಲ್ಲ.

ಅವರಿಗೆ ಅರ್ಜಿ ಓದಲು ಕೊಟ್ಟೆ. ಓದಿ ಮುಗಿಸಿ, 'ನಿಮ್ಮಮ್ಮ ಇದನ್ನು ನಂಬಿಯೇ ಬರೆಸಿರಬಹುದು' ಅಂದರು. ನನಗೆ ಸಿಟ್ಟು ಬಂತು. ಅವರು ಸಮಾಧಾನವಾಗಿ ವಿವರಿಸಿದರು. ಮಕ್ಕಳಿಗೆ ಗಾಯ ಆಗುವ ಹಾಗೆ ಹೊಡೆಯುವ ತಂದೆತಾಯಿ ಮಕ್ಕಳನ್ನು ಹೇಗೆ ನೋಡುತ್ತಾರೆ ಅನ್ನುವುದರ ಮೇಲೆ 1960ರ ದಶಕದಿಂದಲೂ ಕೆಲಸ ನಡೆದಿದೆಯಂತೆ. ಅಮೆರಿಕದಲ್ಲಿ ಬ್ರ್ಯಾಂಟ್ ಸ್ಟೀಲ್ ಮತ್ತು ಕಾರ್ಲ್ ಪೊಲಾಕ್ ಅನ್ನುವ ಇಬ್ಬರು ಮನೋವೈದ್ಯರು ಅಂಥ 60 ಕುಟುಂಬಗಳನ್ನು ವರ್ಷಗಟ್ಟಲೆ ನೋಡಿ 1968ರಲ್ಲಿ ಬರೆದರು. ಅವರು ಕಂಡ ಮುಖ್ಯ ಸಂಗತಿ ಎಂದರೆ ಮನೆಯಲ್ಲಿ ಪಾತ್ರ ಅದಲುಬದಲಾಗಿರುತ್ತದೆ. ತನಗೆ ಸಿಗದ ಪ್ರೀತಿ, ಸಮಾಧಾನವನ್ನೆಲ್ಲ ಮಗುವೇ ಕೊಡಬೇಕು ಅಂತ ದೊಡ್ಡವರು ಕಾಯುತ್ತಾರೆ. ಮಗು ಅತ್ತರೆ, ಮಲಗಿದರೆ, ಮಾತು ಕೇಳದಿದ್ದರೆ ಅದು ತನ್ನನ್ನು ತಿರಸ್ಕರಿಸಿದ ಹಾಗೆ ಅನ್ನಿಸುತ್ತದೆ. ತಲೆ ಒತ್ತುತ್ತಾ ನಿದ್ದೆ ಹೋದ ಮಗಳು ಅರ್ಜಿಯಲ್ಲಿ ಯಾಕಿದ್ದಾಳೆ ಅಂತ ನನಗೆ ಆಗ ಹೊಳೆಯಿತು.

ಡ್ಯಾಫ್ನಿ ಬ್ಯೂಜೆಂಟಲ್ ಅನ್ನುವ ಮನಶ್ಶಾಸ್ತ್ರಜ್ಞೆಯ ಕೆಲಸದ ಬಗ್ಗೆಯೂ ಹೇಳಿದರು. ಮಗುವಿನ ಮುಂದೆ ತನ್ನದೇನೂ ನಡೆಯುವುದಿಲ್ಲ, ಎಲ್ಲ ಅದರ ಕೈಯಲ್ಲೇ ಇದೆ ಅಂತ ಅಂದುಕೊಂಡಿರುವ ತಂದೆತಾಯಿ ಬೇಗ ಕೈ ಎತ್ತುತ್ತಾರಂತೆ. ಹೊರಗಿನವರಿಗೆ ಕಾಣುವುದು ದೊಡ್ಡ ಹೆಂಗಸು, ಚಿಕ್ಕ ಹುಡುಗಿ. ಆ ಹೆಂಗಸಿಗೆ ಕಾಣುವುದು ತನ್ನನ್ನು ಗೋಳು ಹುಯ್ದುಕೊಳ್ಳುವ ಎದುರಾಳಿ. ಹಾಗಾಗಿ ತಾನು ಹೊಡೆದೆ ಅನ್ನುವುದಕ್ಕಿಂತ ತನ್ನನ್ನು ಹೊಡೆಯುವ ಹಾಗೆ ಮಾಡಿದಳು ಅನ್ನುವುದೇ ನೆನಪಿನಲ್ಲಿ ಉಳಿಯುತ್ತದೆ.

ಇದನ್ನೆಲ್ಲ ಕೇಳಿ ಅಮ್ಮನ ಮೇಲೆ ಕನಿಕರ ಬಂತಾ ಅಂತ ಕೇಳಿದರೆ, ಸ್ವಲ್ಪ ಬಂತು. ಹದಿನೇಳಕ್ಕೆ ಮದುವೆಯಾಗಿ ಬಂದವಳು. ಅಜ್ಜಿ ಅವಳನ್ನು ಒನಕೆಯಲ್ಲಿ ಹೊಡೆದ ಕಥೆ ಅವಳೇ ನಗುತ್ತಾ ಹೇಳುತ್ತಿದ್ದಳು. ಆದರೆ ಹೊಡೆತ ತಿಂದ ಎಲ್ಲರೂ ಹೊಡೆಯುವುದಿಲ್ಲ. ನನಗೂ ಒಬ್ಬ ಮಗಳಿದ್ದಾಳೆ, ಅವಳೂ ಹಾಲು ಚೆಲ್ಲುತ್ತಾಳೆ.

ಸರಿ, ಕಾಗದಪತ್ರದ ವಿಷಯಕ್ಕೆ ಬರೋಣ.

ಈ ಕಾಯ್ದೆಯಲ್ಲಿ ಒಂದು ಮಾತು ಮೊದಲೇ ಗೊತ್ತಿರಲಿ. ಚಿಕ್ಕಂದಿನಲ್ಲಿ ಹಿಂಸೆ ಕೊಟ್ಟ ತಾಯಿಗೆ ಜೀವನಾಂಶ ಇಲ್ಲ ಅನ್ನುವ ಕಲಂ ಇದರಲ್ಲಿ ಇಲ್ಲ. ಸಿಂಗಪುರದ ಕಾನೂನಿನಲ್ಲಿ ಇದೆ. ಅಲ್ಲಿ ತಂದೆತಾಯಿ ಮಕ್ಕಳನ್ನು ತೊರೆದಿದ್ದರೆ, ಹಿಂಸಿಸಿದ್ದರೆ ಅರ್ಜಿ ವಜಾ ಮಾಡಬಹುದು ಅಥವಾ ಮೊತ್ತ ಇಳಿಸಬಹುದು. ನಮ್ಮಲ್ಲಿ ನೋಡುವುದು ಮುಖ್ಯವಾಗಿ ಎರಡು. ಅರ್ಜಿದಾರರಿಗೆ ತಮ್ಮ ಸ್ವಂತ ದುಡಿಮೆ, ಆಸ್ತಿಯಿಂದ ಬದುಕಲು ಆಗುತ್ತದಾ? ಮಕ್ಕಳು ನೋಡಿಕೊಳ್ಳದೆ ಬಿಟ್ಟಿದ್ದಾರಾ? ಮಾಸಿಕ ಮೊತ್ತದ ಮಿತಿ ಕೇಂದ್ರದ ಕಾಯ್ದೆಯಲ್ಲಿ 10,000 ರೂಪಾಯಿ. ಅಮ್ಮ ಕೇಳಿದ್ದು ಅಷ್ಟನ್ನೂ. ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೆ ಇದು ಬರಲ್ಲ ಅಂತ ನಮ್ಮ ಕಡೆ ಇನ್ನೂ ಹೇಳುವವರಿದ್ದಾರೆ, ನಂಬಬೇಡಿ. ಕಾಯ್ದೆಯಲ್ಲಿ ಮಗ, ಮಗಳು ಇಬ್ಬರ ಹೆಸರೂ ಇದೆ. ಅದಕ್ಕೂ ಎಷ್ಟೋ ಮೊದಲು, 1987ರಲ್ಲೇ, ವಿಜಯಾ ಅರ್ಬಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮದುವೆಯಾದ ಮಗಳೂ ಹೊಣೆ ಅಂತ ಹೇಳಿಯಾಗಿದೆ.

ವಕೀಲರ ವಿಷಯವೂ ಗೊಂದಲವೇ. ಕಾಯ್ದೆಯ 17ನೇ ಕಲಂ ವಕೀಲರು ಬೇಡ ಅನ್ನುತ್ತದೆ. ಆದರೆ ವಕೀಲರ ಕಾಯ್ದೆಯ 30ನೇ ಕಲಂ 2011ರಲ್ಲಿ ಜಾರಿಗೆ ಬಂದ ಮೇಲೆ ಕೆಲವು ಹೈಕೋರ್ಟ್‌ಗಳು ವಕೀಲರನ್ನು ತಡೆಯುವ ಹಾಗಿಲ್ಲ ಅಂದಿವೆ. ನಾನು ಹಾಜರಾಗಲು ವಕೀಲರನ್ನು ಇಟ್ಟುಕೊಳ್ಳಲಿಲ್ಲ. ಆಕ್ಷೇಪಣೆ ಬರೆಸಲು ಮಾತ್ರ ಒಬ್ಬರಿಗೆ 3,000 ಕೊಟ್ಟೆ. ಅವರು ನನ್ನ ಹತ್ತು ಪುಟದ ಗೋಳನ್ನು ಓದಿ ಎರಡು ಪುಟಕ್ಕೆ ಇಳಿಸಿದರು. 'ಹೊಡೆದದ್ದನ್ನ ಒಂದು ಪ್ಯಾರಾದಲ್ಲಿ ಹೇಳಮ್ಮ, ಉಳಿದದ್ದೆಲ್ಲ ಲೆಕ್ಕ ಇರ್ಲಿ' ಅಂದರು. ಅವತ್ತು ನೋವಾಯಿತು. ಈಗ ನೋಡಿದರೆ ಅದು ಸರಿಯಾದ ಸಲಹೆ.

ನಾನು ಇಟ್ಟ ಕಾಗದಗಳು ಇವು: ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಬಾಡಿಗೆ ಕರಾರು, ಮಗಳ ಶಾಲೆ ಫೀಸಿನ ರಸೀದಿ, ಅತ್ತೆಯವರ ಡಯಾಲಿಸಿಸ್ ಬಿಲ್ಲು. ಇದೆಲ್ಲ ಸಲೀಸಾಗಿ ಆಯಿತು. ಕಷ್ಟ ಆಗಿದ್ದು ಅಣ್ಣನ ಭಾಗ.

ಅರ್ಜಿಯಲ್ಲಿ ಅಣ್ಣನ ಹೆಸರೇ ಇರಲಿಲ್ಲ. ಅಡಿಕೆ ತೋಟ ಅವನ ಹೆಸರಲ್ಲಿದೆ, ಮನೆ ಅವನದ್ದು, ಅಮ್ಮ ಇರುವುದು ಅವನ ಜೊತೆಯಲ್ಲೇ. ಆದರೂ ಅವಳ ಪ್ರಕಾರ ಅವಳನ್ನು ಬೀದಿಪಾಲು ಮಾಡಿದ್ದು ನಾನು. ಕಾಯ್ದೆಯ 5ನೇ ಕಲಂನಲ್ಲಿ ಇದಕ್ಕೆ ದಾರಿ ಇದೆ. ಒಬ್ಬರ ಮೇಲೆ ಅರ್ಜಿ ಬಂದರೆ, ಹೊಣೆ ಇರುವ ಉಳಿದವರನ್ನೂ ಸೇರಿಸಿ ಅಂತ ಅವರು ಕೇಳಬಹುದು. ಕೇಳುವುದಕ್ಕೆ ದಾಖಲೆ ಬೇಕಲ್ವಾ? ಪಹಣಿ ಆನ್‌ಲೈನಲ್ಲಿ ಸಿಕ್ಕಿತು. ಅಮ್ಮ ಅಣ್ಣನಿಗೆ ಬರೆದುಕೊಟ್ಟ ದಾನಪತ್ರದ ದೃಢೀಕೃತ ನಕಲಿಗೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಅಲೆದೆ. ವಂಶವೃಕ್ಷಕ್ಕೆ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟೆ. ಗ್ರಾಮ ಆಡಳಿತಾಧಿಕಾರಿ ಸ್ಥಳ ಪರಿಶೀಲನೆಗೆ ಬರುವ ತನಕ ಅದು ಅಲ್ಲೇ ಕೂತಿತು. ಈ ನಡುವೆ ಒಂದು ವಾಯಿದೆ ಹೋಯಿತು. ನಿಮ್ಮ ಪ್ರಕರಣದಲ್ಲೂ ಅಣ್ಣತಮ್ಮಂದಿರನ್ನು ಸೇರಿಸಬೇಕಾದರೆ ನೋಟಿಸ್ ಬಂದ ವಾರವೇ ಈ ಮೂರಕ್ಕೂ ಓಡಾಡಲು ಶುರು ಮಾಡಿ.

ದಾನಪತ್ರದಲ್ಲಿ ಒಂದು ಸಾಲಿತ್ತು. 'ನನ್ನ ಏಕೈಕ ಆಸರೆಯಾದ ಮಗನಿಗೆ ಪ್ರೀತಿ ವಿಶ್ವಾಸದಿಂದ.' ಎಲ್ಲ ದಾನಪತ್ರದಲ್ಲೂ ಹಾಗೇ ಬರೆಯುತ್ತಾರೆ ಅಂತ ಪಕ್ಕದಲ್ಲಿದ್ದ ಪತ್ರ ಬರಹಗಾರರು ಹೇಳಿದರು. ಇರಬಹುದು. ಒಂದೇ ಮನೆಯಲ್ಲಿ ಒಂದು ಮಗು ಚಿನ್ನ, ಇನ್ನೊಂದು ಮಗು ಶನಿ ಆಗುವುದು ಅಪರೂಪವಲ್ಲ ಅಂತ ಸಮಾಲೋಚಕಿ ಮೊದಲೇ ಹೇಳಿದ್ದರು. ಅಣ್ಣನಿಗೆ ಅಮ್ಮ ಕೈ ಎತ್ತಿದ್ದು ನಾನು ನೋಡಿಲ್ಲ. 'ನಮ್ಮಮ್ಮ ದೇವರಂಥೋಳು' ಅಂತ ಅವನು ವಿಚಾರಣೆಯಲ್ಲಿ ಹೇಳಿದಾಗ ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನು ಕಂಡ ಅಮ್ಮ ಹಾಗೇ ಇದ್ದಳು.

ಕಾಯ್ದೆಯ ಪ್ರಕಾರ ನೋಟಿಸ್ ತಲುಪಿದ 90 ದಿನದೊಳಗೆ ಮುಗಿಸಬೇಕು, ವಿಶೇಷ ಕಾರಣ ಇದ್ದರೆ ಒಮ್ಮೆ 30 ದಿನ ವಿಸ್ತರಿಸಬಹುದು. ನಮ್ಮದು ಅದಕ್ಕಿಂತ ಜಾಸ್ತಿ ಎಳೆಯಿತು. ಎಸಿಯವರ ಮುಂದೆ ಪಹಣಿ ತಿದ್ದುಪಡಿ, ಜಮೀನು ತಕರಾರು ಎಲ್ಲವೂ ಬರುತ್ತವೆ. ಅದೇ ಸಾಲಿನಲ್ಲಿ ತಾಯಿ ಮಕ್ಕಳ ಜಗಳವೂ. ದಲಾಯತ ಹೆಸರು ಕೂಗುವ ತನಕ ವರಾಂಡದಲ್ಲಿ ಕಾಯಬೇಕು. ಅಮ್ಮ, ಅಣ್ಣ, ನಾನು ಎಲ್ಲ ಅದೇ ವರಾಂಡದಲ್ಲಿ. ಇದಕ್ಕೆ ಮೊದಲೇ ತಯಾರಾಗಿ ಹೋಗಿ. ನನ್ನ ಗಂಡ ನನ್ನ ಮತ್ತು ಅಮ್ಮನ ನಡುವೆ ಸುಮ್ನೆ ಪೇಪರ್ ಓದುತ್ತಾ ಕೂತಿರುತ್ತಿದ್ದರು. ಅದೇ ದೊಡ್ಡ ಉಪಕಾರವಾಯಿತು. ನೀರು, ತಿಂಡಿ ಒಯ್ಯಿರಿ. ಮಕ್ಕಳನ್ನು ಕರೆದುಕೊಂಡು ಹೋಗಬೇಡಿ.

ವಿಚಾರಣೆಗೆ ಮೊದಲು ಸಂಧಾನಕ್ಕೆ ಕಳಿಸಿದರು. ಕಾಯ್ದೆಯಲ್ಲಿ ಹಾಗೆ ಅವಕಾಶವಿದೆ, ಸಂಧಾನ ಅಧಿಕಾರಿ ಒಂದು ತಿಂಗಳೊಳಗೆ ವರದಿ ಕೊಡಬೇಕು. ನಮಗೆ ಸಿಕ್ಕವರು ವಯಸ್ಸಾದವರು, ಒಳ್ಳೆಯವರೇ. ಆದರೆ ಶುರು ಮಾಡಿದ್ದೇ 'ಕೆಟ್ಟ ಮಕ್ಕಳು ಹುಟ್ಟಬಹುದು, ಕೆಟ್ಟ ತಾಯಿ ಇರೋದಿಲ್ಲ ಕಣಮ್ಮ, ಎಲ್ಲ ಹೊಟ್ಟೆಗೆ ಹಾಕ್ಕೊಂಡು ಹೋಗು' ಅಂತ. ನಾನು ಉತ್ತರ ಕೊಡಲಿಲ್ಲ. ಎಡಗೈ ತೋಳು ಮೇಲೆತ್ತಿ ಮೊಣಕೈ ಹತ್ತಿರದ ಗುರುತು ತೋರಿಸಿದೆ. ದೋಸೆ ಮಗುಚುವ ಸಟ್ಟುಗ ಕೆಂಪಗೆ ಕಾಯಿಸಿ ಇಟ್ಟದ್ದು, ಅದರ ಅಂಚು ಈಗಲೂ ನೇರವಾಗಿ ಕಾಣುತ್ತದೆ.

ಅವರು ಅಮ್ಮನ ಕಡೆ ನೋಡಿದರು. ಅಮ್ಮ ಸ್ವಲ್ಪವೂ ತಡವರಿಸಲಿಲ್ಲ. 'ಅಯ್ಯೋ ಅದಾ ಸಾರ್! ಅವತ್ತು ರಾತ್ರಿಯೆಲ್ಲ ನಾನು ಕಣ್ಣು ಮುಚ್ಚಲಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿ ಹಚ್ಚಿ, ಬೀಸಣಿಗೆ ಬೀಸಿ ಬೀಸಿ ನನ್ನ ರಟ್ಟೆ ಬಿದ್ದುಹೋಯ್ತು. ಬೆಳಗಾಗೋ ಹೊತ್ತಿಗೆ ನಂಗೇ ಜ್ವರ. ಅದನ್ನ ನೆನೆಸ್ಕೋತಾಳಾ ಇವಳು?'

ಅದು ಪೂರ್ತಿ ನಿಜ. ಅವಳು ಬೀಸಿದ್ದಳು. ನನಗೆ ಆ ಬೀಸಣಿಗೆಯ ಗಾಳಿ ನೆನಪಿದೆ. ಅವಳ ನೆನಪು ಶುರುವಾಗುವುದೇ ಸುಟ್ಟ ಮೇಲಿನಿಂದ. ಸುಟ್ಟದ್ದು ಯಾರು ಅಂತ ಅಧಿಕಾರಿ ಕೇಳಿದರು. 'ಅವಳೇ ಕೈ ಒಡ್ಡಿದ್ಲು ಸಾರ್, ಸುಡು ನೋಡೋಣ ಅಂತ' ಅಂದಳು. ಆ ಮನುಷ್ಯ ಪೆನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ 'ಸರಿ, ದುಡ್ಡಿನ ವಿಷಯ ಮಾತಾಡೋಣ' ಅಂದರು. ಹೊಟ್ಟೆಗೆ ಹಾಕಿಕೋ ಅನ್ನುವ ಮಾತು ಮತ್ತೆ ಬರಲಿಲ್ಲ. ಅವರ ವರದಿಯಲ್ಲಿ 'ಪಕ್ಷಕಾರರ ನಡುವೆ ರಾಜಿ ಸಾಧ್ಯವಾಗಿಲ್ಲ, ಎದುರುದಾರರು ಶಕ್ತ್ಯನುಸಾರ ಹಣ ನೀಡಲು ಒಪ್ಪಿರುತ್ತಾರೆ' ಅಂತ ಮಾತ್ರ ಇತ್ತು.

ಹಣ ಕೊಡಲು ನಾನು ಮೊದಲೇ ಒಪ್ಪಿದ್ದೆ. ಇದನ್ನು ಓದಿ ಕೆಲವರಿಗೆ ಸಿಟ್ಟು ಬರಬಹುದು. ನನ್ನ ಗೆಳತಿಯೊಬ್ಬಳು 'ಒಂದು ಪೈಸೆ ಕೊಡಬೇಡ' ಅಂತ ಜಗಳವಾಡಿದಳು. ಅವರವರ ಮನಸ್ಸು, ಅವರವರ ಶಕ್ತಿ. ಅಮ್ಮನಿಗೆ ಮೊಣಕಾಲು ನೋವು, ಸಕ್ಕರೆ ಕಾಯಿಲೆ. ಅವಳ ಕೈಗೆ ಬರುವುದು ಗೃಹಲಕ್ಷ್ಮಿಯ 2,000 ಮತ್ತು ಸಂಧ್ಯಾ ಸುರಕ್ಷಾದ 1,200. ಮಾತ್ರೆಗೆ ಅಣ್ಣನ ಮುಂದೆ ಕೈ ಒಡ್ಡಬೇಕು. ಅವಳು ಹಸಿದಿರಲಿ ಅಂತ ನಾನು ಯಾವತ್ತೂ ಅಂದುಕೊಂಡಿಲ್ಲ. ನಾನು ಬೇಡ ಅಂದದ್ದು ಒಂದೇ, ಅವಳನ್ನು ನನ್ನ ಮನೆಗೆ ಕರೆದುಕೊಂಡು ಹೋಗಿ ಇಟ್ಟುಕೊಳ್ಳುವುದು. ಅರ್ಜಿಯ ಕೊನೆಯಲ್ಲಿ ಅದನ್ನೂ ಕೇಳಿದ್ದಳು. 'ಮೊಮ್ಮಗಳನ್ನು ನೋಡಿಕೊಂಡು ಇರುತ್ತೇನೆ' ಅಂತ. ಆ ಸಾಲು ಓದಿದಾಗ ನನಗೆ ಆದ ಭಯ ಇಲ್ಲಿ ಬರೆಯಲು ಆಗುವುದಿಲ್ಲ. ಆಕ್ಷೇಪಣೆಯಲ್ಲಿ ಇದನ್ನು ಬೇರೆ ಪ್ಯಾರಾ ಮಾಡಿ, ಹಣ ಕೊಡುತ್ತೇನೆ, ವಾಸಕ್ಕೆ ಒಪ್ಪಿಗೆ ಇಲ್ಲ ಅಂತ ಸ್ಪಷ್ಟವಾಗಿ ಬರೆಸಿ. ಬಾಯಿಮಾತಲ್ಲಿ ಬಿಡಬೇಡಿ.

ಎಸಿಯವರ ಮುಂದೆ ವಿಚಾರಣೆ ಚಿಕ್ಕದಾಗಿಯೇ ಮುಗಿಯಿತು. ದಾನಪತ್ರ, ಪಹಣಿ ನೋಡಿದರು. ಅಣ್ಣನಿಗೆ ಎರಡು ಪ್ರಶ್ನೆ, ನನಗೆ ಎರಡು. ಅಮ್ಮನಿಗೆ 'ಮಗಳಿಗೆ ಏನಾದ್ರೂ ಹೇಳೋದಿದೆಯಾ ಅಜ್ಜಿ' ಅಂತ ಕೇಳಿದರು. ನನ್ನ ಎದೆ ಹೊಡೆದುಕೊಂಡಿತು. ಇಷ್ಟೆಲ್ಲ ಗೊತ್ತಾದ ಮೇಲೂ ನಾನು ಕಾಯುತ್ತಿದ್ದೆ. ಅಮ್ಮ ನನ್ನನ್ನು ನೋಡಿ, 'ನಾನು ಇವಳನ್ನ ಯಾವಾಗಲೋ ಕ್ಷಮಿಸಿಬಿಟ್ಟಿದೀನಿ ಸ್ವಾಮಿ' ಅಂದಳು. ಮುಖದಲ್ಲಿ ನಾಟಕ ಇರಲಿಲ್ಲ. ಕಣ್ಣಲ್ಲಿ ನೀರಿತ್ತು.

ಆದೇಶದಲ್ಲಿ ನನಗೆ ತಿಂಗಳಿಗೆ 4,000, ಅಣ್ಣನಿಗೆ 3,000 ಮತ್ತು ಔಷಧಿ ಖರ್ಚು ಅಂತ ಆಗಿದೆ. ಅವಳು ಈಗಿರುವ ಮನೆಯಲ್ಲೇ ಇರಬೇಕು. ಆದೇಶ ಬಂದ 30 ದಿನದೊಳಗೆ ದುಡ್ಡು ಕಟ್ಟಬೇಕು. ಬಾಕಿ ಉಳಿಸಿಕೊಂಡರೆ ವಾರಂಟ್, ಒಂದು ತಿಂಗಳವರೆಗೆ ಜೈಲಿಗೂ ಕಳಿಸಬಹುದು. ದುಡ್ಡನ್ನು ಬ್ಯಾಂಕ್ ಮೂಲಕವೇ ಕಳಿಸಿ, ಷರಾ ಜಾಗದಲ್ಲಿ 'ಜೀವನಾಂಶ' ಮತ್ತು ತಿಂಗಳ ಹೆಸರು ಹಾಕಿ. ನೆಂಟರ ಕೈಯಲ್ಲಿ ನಗದು ಕೊಟ್ಟರೆ ಬಂದಿಲ್ಲ ಅಂದಾಗ ಸಾಕ್ಷಿ ಇರುವುದಿಲ್ಲ. ಅಮ್ಮನ ಖಾತೆ ಸಂಖ್ಯೆಯನ್ನು ಅಣ್ಣನ ಹತ್ತಿರ ಕೇಳದೆ ಕಡತದಲ್ಲಿದ್ದ ಪಾಸ್‌ಬುಕ್ ನಕಲಿನಿಂದ ತೆಗೆದುಕೊಂಡೆ. ಮೊದಲ ಪುಟದ ನಕಲು ಅರ್ಜಿಯ ಜೊತೆ ಇರುತ್ತದೆ, ನೋಡಿ.

ಮೊದಲ ಕಂತು ಹೋದ ಮೇಲೆ ಚಿಕ್ಕಮ್ಮ ಫೋನ್ ಮಾಡಿದ್ದರು. ಎಸಿ ಸಾಹೇಬ್ರು ಬುದ್ಧಿ ಹೇಳಿದ ಮೇಲೆ ಮಗಳು ದಾರಿಗೆ ಬಂದಳು ಅಂತ ಅಮ್ಮ ಕೇರಿಯಲ್ಲೆಲ್ಲ ಹೇಳಿಕೊಂಡು ಓಡಾಡುತ್ತಿದ್ದಾಳಂತೆ. 'ನಿಂಗೆ ಬೇಜಾರಾಗಲ್ವೇನೇ?' ಅಂತ ಚಿಕ್ಕಮ್ಮ ಕೇಳಿದರು. ಆಯಿತು ಅಂದೆ. ಪ್ರತಿ ತಿಂಗಳು 5ನೇ ತಾರೀಖಿಗೆ ತಾನಾಗಿಯೇ ದುಡ್ಡು ಹೋಗುವ ಹಾಗೆ ಬ್ಯಾಂಕಿನಲ್ಲಿ ಬರೆದುಕೊಟ್ಟಿದ್ದೇನೆ. ಸಮಾಲೋಚಕಿಯ ಹತ್ತಿರ ಹೋಗುವುದನ್ನು ಇನ್ನೂ ನಿಲ್ಲಿಸಿಲ್ಲ. ಕೆಲಸ ಹೋದರೆ, ಸಂಬಳ ಕಡಿಮೆಯಾದರೆ ಮೊತ್ತ ಬದಲಿಸಲು 10ನೇ ಕಲಂನಡಿ ಅದೇ ಕಚೇರಿಗೆ ಅರ್ಜಿ ಹಾಕಬಹುದು. ಹಾಗಾಗಿ ಕಡತದ ಎಲ್ಲ ಹಾಳೆಯ ದೃಢೀಕೃತ ನಕಲು ಈಗಲೇ ತೆಗೆಸಿಟ್ಟುಕೊಳ್ಳಿ. ಅಮ್ಮನ ಆ ನಾಲ್ಕು ಪುಟವೂ ಅದರಲ್ಲೇ ಸೇರಿ ಬರುತ್ತದೆ.